ಗಾಂಧಿ ಬಜಾರಿನಲ್ಲೊಂದು ಫುಟ್‌ಬಾಲ್ ವಾದ

2023ನೆಯ ಇಸವಿ ಡಿಸೆಂಬರ್ 9, ಶನಿವಾರ. ಕಾರ್ತಿಕದ ಕಡೆಯ ಸೋಮವಾರಕ್ಕೆ ಇನ್ನೆರಡೇ ದಿನ. ದೊಡ್ಡ ಬಸವಣ್ಣನ ಗುಡಿಯ ರಸ್ತೆಯಲ್ಲಿ ಕಡಲೆಕಾಯಿಯ ರಾಶಿಗಳು ಆಗಲೇ ಬಂದು ಬಿದ್ದಿದ್ದವು. ಗಾಂಧಿ ಬಜಾರಿನ ಮುಖ್ಯರಸ್ತೆಯನ್ನು ಹೊಸದಾಗಿ ಮಾಡುವೆವೆಂದು ಅಗೆದು ಎಷ್ಟೋ ತಿಂಗಳಾಗಿ, ಹೂವಿನವರೂ ಹಣ್ಣಿನವರೂ ಸಿಕ್ಕ ಜಾಗದಲ್ಲಿ ಬುಟ್ಟಿ ಊರಿಕೊಂಡು ಕುಳಿತಿದ್ದ ಕಾಲ ಅದು. ವಿದ್ಯಾರ್ಥಿ ಭವನದಲ್ಲಿ ನನಗೂ ನನ್ನ ಗೆಳೆಯರೊಬ್ಬರಿಗೂ ಜಾಗ ದೊರೆತದ್ದು, ಇಬ್ಬರು ತರುಣರು ಮೊದಲೇ ಕುಳಿತಿದ್ದ ಮೇಜಿನಲ್ಲಿ.

"ಇನ್ನೊಂದು ದಿನಾನೂ ಇಟ್ಕೋಬಾರದು ಕಣೋ. ಇವತ್ತೇ ಮನೆಗೆ ಕಳಿಸ್ಬೇಕು" ಎಂದು ಒಬ್ಬ ಹೇಳುತ್ತಿದ್ದ.

"ಕಳಿಸಿ ಏನ್ಮಾಡ್ತೀಯಾ? ಹೋದ ವರ್ಷಾನೂ ಹೀಗೇ ಅಂದಿದ್ದೆ" ಎಂದ ಇನ್ನೊಬ್ಬ.

ರಸ್ತೆ ಅಗೆದ ಕಂಟ್ರಾಕ್ಟರನ ಮಾತಿರಬೇಕೆಂದು ತಿಳಿದು, ತರುಣರಲ್ಲಿ ನಾಗರಿಕ ಪ್ರಜ್ಞೆ ಮೂಡುತ್ತಿದೆಯಲ್ಲಾ ಎಂದು ನಾನು ಸಂತೋಷಪಡುತ್ತಿದ್ದೆ. ಅಷ್ಟರಲ್ಲಿ ಅವರು ತೊಟ್ಟಿದ್ದ ನೀಲಿ ಅಂಗಿ ಕಣ್ಣಿಗೆ ಬಿತ್ತು. ಹಿಂದಿನ ಸಂಜೆ ಶ್ರೀ ಕಂಠೀರವ ಕ್ರೀಡಾಂಗಣದಲ್ಲಿ ಬೆಂಗಳೂರು ಎಫ್.ಸಿ. ತಂಡವು ಮುಂಬೈ ಸಿಟಿ ತಂಡದ ಕೈಯಲ್ಲಿ ಸೊನ್ನೆಗೆ ನಾಲ್ಕು ಗೋಲುಗಳಿಂದ ಸೋತಿತ್ತು. ಅವರು ಮನೆಗೆ ಕಳಿಸಬೇಕೆಂದಿದ್ದದ್ದು ತಂಡದ ತರಬೇತುದಾರ, ಇಂಗ್ಲೆಂಡಿನ ಸೈಮನ್ ಗ್ರೇಸನ್ ಅವರನ್ನು.

ಯಾರನ್ನಾದರೂ ಪದವಿಯಲ್ಲಿ ಇಟ್ಟುಕೊಳ್ಳಬೇಕೇ, ಕಳಿಸಬೇಕೇ ಎಂಬ ವಾದ ಈ ಬೀದಿಗೆ ಹೊಸದಲ್ಲ. 1912ರಿಂದ 1918ರವರೆಗೆ ದಿವಾನರಾಗಿದ್ದ ವಿಶ್ವೇಶ್ವರಯ್ಯನವರನ್ನು ಕುರಿತು, 1926ರಿಂದ 1941ರವರೆಗೆ ದಿವಾನರಾಗಿದ್ದ ಮಿರ್ಜಾ ಇಸ್ಮಾಯಿಲರನ್ನು ಕುರಿತು ನಮ್ಮ ಹಿರಿಯರು ಇಲ್ಲಿಯೇ ಜಗಲಿಗಳ ಮೇಲೆ ಕುಳಿತು ವಾದಿಸಿದವರೇ. ದಿವಾನರು ಹೋಗುವುದಾಗಲಿ ಇರುವುದಾಗಲಿ ಅವರ ಕೈಯಲ್ಲಿರಲಿಲ್ಲ. ಅದರಿಂದ ವಾದದ ಬಿಸಿಯೇನೂ ತಗ್ಗುತ್ತಿರಲಿಲ್ಲ. ಆದರೆ ಫುಟ್‌ಬಾಲ್ ತರಬೇತುದಾರನೊಬ್ಬನಿಗಾಗಿ ಬಸವನಗುಡಿಯಲ್ಲಿ ದೋಸೆ ಆರಿಹೋಗುವುದು ಮಾತ್ರ ಹೊಸ ಸಂಗತಿ. ನಮ್ಮದು ಕ್ರಿಕೆಟ್ಟಿನ ಬಡಾವಣೆ. ಫುಟ್‌ಬಾಲ್ ಎಂದರೆ ಅದು ದಂಡಿನ ಆಟ. ಹಲಸೂರು, ಗೌತಮಪುರ, ಆಸ್ಟಿನ್ ಟೌನ್, ಶಿವಾಜಿನಗರಗಳ ಆಟ. ಒಂದೇ ಊರಿನೊಳಗಿದ್ದರೂ ಆ ಮೈದಾನಗಳನ್ನು ಕಾಣದೆಯೇ ಮುದುಕರಾದವರು ನಮ್ಮಲ್ಲಿ ಬಹಳ ಮಂದಿ. ನನ್ನನ್ನು ಆ ಕಡೆಗೆ ಎಳೆದವನು ತಂಗಿಯ ಮೊಮ್ಮಗ. 2017ರ ಜೂನಿನಲ್ಲಿ ನ್ಯಾಷನಲ್ ಕಾಲೇಜಿನ ಬಳಿ ಮೆಟ್ರೋ ನಿಲ್ದಾಣ ತೆರೆದ ಮೇಲೆ, ಮೆಜೆಸ್ಟಿಕ್ಕಿನಲ್ಲಿ ಗಾಡಿ ಬದಲಿಸಿ ಕಬ್ಬನ್ ಪಾರ್ಕಿನಲ್ಲಿ ಇಳಿದರೆ ಕಂಠೀರವ ಕ್ರೀಡಾಂಗಣಕ್ಕೆ ಸ್ವಲ್ಪ ದೂರದ ನಡಿಗೆ. ಹೀಗೆ ಎಪ್ಪತ್ತರ ಅಂಚಿನಲ್ಲಿ ನಾನೂ ಒಬ್ಬ ಅಭಿಮಾನಿಯಾದೆ.

ಜೊತೆಯಲ್ಲಿದ್ದ ಗೆಳೆಯರು ಐ.ಟಿ.ಐ. ಕಾರ್ಖಾನೆಯಲ್ಲಿ ದುಡಿದು ನಿವೃತ್ತರಾದವರು. ದೂರವಾಣಿನಗರದಲ್ಲಿ ಬಾಳಿ, ಈಗ ಮಗನ ಮನೆಯೆಂದು ತ್ಯಾಗರಾಜನಗರಕ್ಕೆ ಬಂದಿರುವವರು. ತರುಣರ ಮಾತನ್ನು ಕೇಳುತ್ತಿದ್ದು, ಕಾಫಿ ಬಂದ ಮೇಲೆ ಮೆಲ್ಲಗೆ ಬಾಯಿ ಹಾಕಿದರು.

"ನಮ್ಮ ಕಾಲದಲ್ಲಿ ಇಂಥ ಮಾತೇ ಇರ್ಲಿಲ್ಲ ಕಣಪ್ಪಾ. ಟೀಮು ಭಾನುವಾರ ಸೋತರೆ, ಸೋಮವಾರ ಬೆಳಗ್ಗೆ ಕೋಚೂ ನಮ್ಮ ಜೊತೇಲೇ ಗೇಟಿನೊಳಕ್ಕೆ ಬರೋರು. ನಾಲ್ಕು ಜನ ರೇಗಿಸೋರು. ಮಧ್ಯಾಹ್ನ ಕ್ಯಾಂಟೀನಿನಲ್ಲಿ ಅದೇ ಊಟ. ಅವರನ್ನ ಎಲ್ಲಿಗೆ ಅಂತ ಕಳಿಸೋದು?"

"ಅಂಕಲ್, ಅದಕ್ಕೇ ನಿಮ್ಮ ಟೀಮುಗಳೆಲ್ಲಾ ಮುಳುಗಿದ್ದು" ಎಂದುಬಿಟ್ಟ ನೀಲಿ ಅಂಗಿಯ ಮೊದಲನೆಯವನು.

ಹುಡುಗನ ಮಾತು ಒರಟಾಗಿತ್ತು. ಆದರೆ ಇತಿಹಾಸ ಬೋಧಿಸಿ ಬದುಕಿದ ನನಗೆ ಇಬ್ಬರ ಮಾತಿನಲ್ಲಿಯೂ ಅರ್ಧರ್ಧ ಸತ್ಯ ಕಂಡಿತು. ಆ ಅರ್ಧರ್ಧಗಳ ಸಲುವಾಗಿಯೇ ಈ ಭಾಷಣ.

ಬೆಂಗಳೂರಿನ ಫುಟ್‌ಬಾಲಿಗೆ ದೊಡ್ಡ ಹೆಸರಿದ್ದ ಕಾಲವೊಂದಿತ್ತು. ಮುಂಬಯಿಯ ರೋವರ್ಸ್ ಕಪ್ಪನ್ನು 1937ರಲ್ಲಿ, ಮತ್ತೆ 1938ರಲ್ಲಿ ಗೆದ್ದದ್ದು ಬೆಂಗಳೂರು ಮುಸ್ಲಿಮ್ಸ್ ತಂಡ. ಬ್ರಿಟಿಷ್ ಸೈನ್ಯದ ತಂಡಗಳ ಪಾರುಪತ್ಯವಿದ್ದ ಪಂದ್ಯಾವಳಿ ಅದು. ಸ್ವತಂತ್ರ ಭಾರತ ಒಲಿಂಪಿಕ್ಸ್‌ನಲ್ಲಿ ಆಡಿದ ಮೊದಲ ಫುಟ್‌ಬಾಲ್ ಪಂದ್ಯ, 1948ರ ಲಂಡನ್ನಿನಲ್ಲಿ ಫ್ರಾನ್ಸಿನ ಎದುರು ನಡೆದದ್ದು. ಅಲ್ಲಿ ನಮ್ಮ ಪರವಾಗಿ ಬಿದ್ದ ಒಂದೇ ಗೋಲನ್ನು ಹೊಡೆದವರು ಮೈಸೂರು ಸಂಸ್ಥಾನದ ಸಾರಂಗಪಾಣಿ ರಾಮನ್. ಅದೇ ತಂಡದಲ್ಲಿ ಬರಿಗಾಲಿನಲ್ಲಿ ಚೆಂಡನ್ನು ಕುಣಿಸುತ್ತಿದ್ದ ನಮ್ಮೂರಿನ ಅಹಮದ್ ಖಾನ್ ಮುಂದೆ ಕೊಲ್ಕತ್ತದ ಈಸ್ಟ್ ಬೆಂಗಾಲ್ ಪಾಲಾಗಿ ಅಲ್ಲಿಯವರ ಆರಾಧ್ಯದೈವವಾದರು. ಸಂತೋಷ್ ಟ್ರೋಫಿಯನ್ನು ಮೈಸೂರು 1946-47, 1952-53, 1967-68, 1968-69ರಲ್ಲಿ ಗೆದ್ದಿತು. ಇವೆಲ್ಲವುಗಳ ಹಿಂದೆ ಇದ್ದದ್ದು ಮೊಹಲ್ಲಾ, ಸೈನ್ಯದ ಪಡೆ, ಆಮೇಲೆ ಕಾರ್ಖಾನೆ. ಆಟಗಾರನಿಗೆ ಎಚ್.ಎ.ಎಲ್.ನಲ್ಲೋ ಐ.ಟಿ.ಐ.ನಲ್ಲೋ ಒಂದು ಕೆಲಸವಿರುತ್ತಿತ್ತು. ಅವನಿಗೆ ಕಲಿಸುವವನೂ ಬಹುಮಟ್ಟಿಗೆ ಅದೇ ಹಾಜರಿ ಪುಸ್ತಕದವನು. ಸೋಲು ಗೆಲುವುಗಳು ಅವನ ಮರ್ಯಾದೆಯನ್ನು ಏರಿಳಿಸುತ್ತಿದ್ದವೇ ಹೊರತು ಅನ್ನವನ್ನಲ್ಲ. ಗೆಳೆಯರು ನೆನೆದದ್ದು ಆ ಲೋಕವನ್ನು.

ಆದರೆ ಆ ಲೋಕ ಯಾರೂ ಕೆಡವದೆ ತಾನಾಗಿ ಕರಗಿತು ಎಂಬುದೂ ನಿಜವೇ. 2011-12ರಲ್ಲಿ ಎಚ್.ಎ.ಎಲ್. ತಂಡ ರಾಷ್ಟ್ರೀಯ ಮಟ್ಟದ ಐ-ಲೀಗಿನಿಂದ ಕೆಳಗಿಳಿದಾಗ ಗಾಂಧಿ ಬಜಾರಿನಲ್ಲಿ ಒಂದು ಲೋಟ ಕಾಫಿಯೂ ಆರಲಿಲ್ಲ. ಯಾರನ್ನು ಕಳಿಸಬೇಕೆಂದು ಯಾರೂ ಕೇಳಲಿಲ್ಲ. ಕೇಳಬೇಕಾದರೆ ನೋಡಿರಬೇಕಲ್ಲವೇ? 2013ರ ಜುಲೈಯಲ್ಲಿ ಜೆ.ಎಸ್.ಡಬ್ಲ್ಯು. ಸಂಸ್ಥೆಯವರು ಬೆಂಗಳೂರು ಎಫ್.ಸಿ. ಎಂಬ ಕ್ಲಬ್ಬನ್ನು ಕಟ್ಟಿದರು. ಇಂಗ್ಲೆಂಡಿನ ಆಶ್ಲೆ ವೆಸ್ಟ್‌ವುಡ್ ಅದರ ಮೊದಲ ತರಬೇತುದಾರರು. ಮೊದಲ ವರ್ಷವೇ ಐ-ಲೀಗ್, 2015-16ರಲ್ಲಿ ಮತ್ತೊಮ್ಮೆ. ಅವರ ಬಳಿಕ ಬಂದ ಸ್ಪೇನಿನ ಆಲ್ಬರ್ಟ್ ರೋಕಾ 2016ರ ನವೆಂಬರಿನಲ್ಲಿ ತಂಡವನ್ನು ಎ.ಎಫ್.ಸಿ. ಕಪ್ಪಿನ ಅಂತಿಮ ಪಂದ್ಯಕ್ಕೆ ಕೊಂಡೊಯ್ದರು; ಅಲ್ಲಿಯವರೆಗೆ ಭಾರತದ ಯಾವ ಕ್ಲಬ್ಬೂ ಅಷ್ಟು ದೂರ ಹೋಗಿರಲಿಲ್ಲ. ಇಬ್ಬರೂ ಋತು ಮುಗಿದ ಮೇಲೆ, ಹೂಮಾಲೆಯೊಡನೆ ಎನ್ನುವಂತೆ, ಹೊರಟವರು. ಕಳಿಸುವ ಮಾತು ಆಗಲೂ ಬರಲಿಲ್ಲ. ಗೆಲ್ಲುತ್ತಿರುವವನನ್ನು ಕಳಿಸುವವರು ಯಾರು?

ಆ ಮಾತು ಬಂದದ್ದು ಕಾರ್ಲೆಸ್ ಕ್ವಾದ್ರಾತ್ ಅವರ ಕಾಲಕ್ಕೆ. ಇವರೂ ಸ್ಪೇನಿನವರು, ರೋಕಾರ ಸಹಾಯಕರಾಗಿದ್ದು 2018ರಲ್ಲಿ ಮುಖ್ಯರಾದವರು. 2019ರ ಮಾರ್ಚ್ 17ರಂದು ಮುಂಬಯಿಯಲ್ಲಿ ಗೋವಾ ತಂಡದ ಮೇಲೆ ಹೆಚ್ಚುವರಿ ಸಮಯದ ಕೊನೆಯ ಹೊತ್ತಿನಲ್ಲಿ ರಾಹುಲ್ ಭೇಕೆ ತಲೆಯಿಂದ ಹೊಡೆದ ಗೋಲು ಅನೇಕ ಕೇಳುಗರಿಗೆ ನೆನಪಿರಬಹುದು. ಇಂಡಿಯನ್ ಸೂಪರ್ ಲೀಗ್ ಅಂದು ಬೆಂಗಳೂರಿನದಾಯಿತು. ಆ ಬೇಸಿಗೆಯಲ್ಲಿ ವೆನೆಜುವೆಲಾದ ಮಿಕು ತಂಡ ಬಿಟ್ಟರು. ಹಾಗೆ ಗೋಲು ಹೊಡೆಯುವ ಇನ್ನೊಬ್ಬ ಸುಲಭವಾಗಿ ಸಿಗಲಿಲ್ಲ. ಆಮೇಲೆ ಕೊರೋನಾ. 2020-21ರ ಪಂದ್ಯಗಳೆಲ್ಲ ಗೋವೆಯಲ್ಲಿ, ಪ್ರೇಕ್ಷಕರಿಲ್ಲದ ಮೈದಾನಗಳಲ್ಲಿ ನಡೆದವು. ಮೊದಲ ಆರು ಪಂದ್ಯಗಳಲ್ಲಿ ಬೆಂಗಳೂರು ಸೋಲಲಿಲ್ಲ. ಆಮೇಲೆ ಒಂದರ ಹಿಂದೆ ಒಂದು ಮೂರು ಸೋಲು. ಮೂರನೆಯ ಸೋಲಿನ ಮರುದಿನ, 2021ರ ಜನವರಿ 6ರಂದು, ಕ್ಲಬ್ಬೂ ಅವರೂ ಬೇರೆಯಾದರೆಂದು ಪ್ರಕಟಣೆ ಬಂತು.

ಒಂಬತ್ತು ಪಂದ್ಯ: ಮೂರು ಗೆಲುವು, ಮೂರು ಸಮ, ಮೂರು ಸೋಲು, 12 ಅಂಕ. ಇಂದು ಲೆಕ್ಕ ಬರೆದು ನೋಡಿದರೆ ಅಂಥ ಅಪರಾಧವೇನೂ ಕಾಣುವುದಿಲ್ಲ. ಆದರೆ ಅಂದು, ಮನೆಯೊಳಗೆ ಕೂಡಿಹಾಕಿದ ಕೋಳಿಗಳಂತೆ ಕುಳಿತು ದೂರದರ್ಶನದ ಪರದೆಯಲ್ಲಿ ಖಾಲಿ ಮೈದಾನವನ್ನು ನೋಡುತ್ತಿದ್ದ ನಮಗೆ ಅದು ಅಪರಾಧವಾಗಿಯೇ ಕಂಡಿತು. ನಮಗೆ ಎಂದೆನಲ್ಲ, ಮುಚ್ಚಿಡುವುದೇಕೆ? ನನಗೂ ಕಂಡಿತು. ಮೊಮ್ಮಗ ಫೋನಿನಲ್ಲಿ "ಏನ್ ತಾತ, ಕಳಿಸ್ಬೇಕೋ ಬೇಡವೋ?" ಎಂದು ಕೇಳಿದಾಗ "ಕಳಿಸಲಿ ಬಿಡೋ, ಸಾಕು" ಎಂದಿದ್ದೆ. ಅವರ ತರುವಾಯ ಉಳಿದ 11 ಪಂದ್ಯಗಳಲ್ಲಿ ತಂಡ ಗಳಿಸಿದ್ದು 10 ಅಂಕ. ಏಳನೆಯ ಸ್ಥಾನ. ಸೂಪರ್ ಲೀಗಿಗೆ ಬಂದ ಮೇಲೆ ಅಲ್ಲಿಯವರೆಗೆ ಎಂದೂ ಮೊದಲ ನಾಲ್ಕರಿಂದ ಹೊರಗುಳಿಯದ ತಂಡ ಅದು.

ಗಾಂಧಿ ಬಜಾರಿನ ಎರಡನೆಯ ತರುಣ ಮೇಜಿಗೆ ಬೆರಳು ಬಡಿದು ಹೇಳಿದ್ದು ಇದನ್ನೇ. ಅವನ ಬತ್ತಳಿಕೆಯಲ್ಲಿ ಇದಕ್ಕಿಂತ ಹರಿತವಾದ ಇನ್ನೊಂದು ಬಾಣವೂ ಇತ್ತು, ಅದೂ ಗ್ರೇಸನ್ನರದೇ. ಗ್ರೇಸನ್ 2022ರ ಸೆಪ್ಟೆಂಬರಿನಲ್ಲಿ ಡ್ಯುರಾಂಡ್ ಕಪ್ ಗೆದ್ದರು. ಆದರೆ ಲೀಗಿನಲ್ಲಿ ಆ ವರ್ಷದ ಕೊನೆಗೆ ತಂಡ 12 ಪಂದ್ಯಗಳಿಂದ ಬರಿಯ 10 ಅಂಕ ಗಳಿಸಿ, ಎಂಟರಲ್ಲಿ ಸೋತಿತ್ತು. ಆಗಲೂ ಕಳಿಸಿ ಎಂಬ ಕೂಗು ಎದ್ದಿತ್ತು. ಕ್ಲಬ್ಬು ಕಳಿಸಲಿಲ್ಲ. 2023ರ ಜನವರಿ, ಫೆಬ್ರವರಿಗಳಲ್ಲಿ ತಂಡ ಸಾಲಾಗಿ ಎಂಟು ಪಂದ್ಯ ಗೆದ್ದಿತು. ಆ ಋತುವಿನ ಲೀಗಿನಲ್ಲಿ ಅದುವರೆಗೆ ಸೋಲೇ ಕಾಣದಿದ್ದ ಮುಂಬೈ ಸಿಟಿಯನ್ನೂ ಸೋಲಿಸಿತು. ಮಾರ್ಚ್ 3ರಂದು ಕಂಠೀರವದಲ್ಲಿ ಸುನಿಲ್ ಛೆಟ್ರಿ ಒದ್ದ ಫ್ರೀ ಕಿಕ್ಕು ಗೋಲಾಗಿ, ಅದು ನ್ಯಾಯವಲ್ಲವೆಂದು ಕೇರಳದ ತಂಡ ಮೈದಾನವನ್ನೇ ಬಿಟ್ಟು ನಡೆಯಿತು. ಮಾರ್ಚ್ 18ರ ಅಂತಿಮ ಪಂದ್ಯದಲ್ಲಿ ಬೆಂಗಳೂರು ಸೋತದ್ದು ಪೆನಾಲ್ಟಿಗಳಲ್ಲಿ.

ಇಲ್ಲಿ ಒಂದು ಮಾತು ಬದಿಗೆ ಹೇಳಬೇಕೆನಿಸುತ್ತದೆ. ಆ ಫ್ರೀ ಕಿಕ್ಕಿನ ನ್ಯಾಯಾನ್ಯಾಯ ಕುರಿತು ಊರೆಲ್ಲ ಜಗಳವಾಡುತ್ತಿದ್ದ ಮರುದಿನವೇ, ಮಾರ್ಚ್ 4ರಂದು, ಸೌದಿ ಅರೇಬಿಯದ ರಿಯಾಧಿನಲ್ಲಿ ಕರ್ನಾಟಕ ತಂಡ ಮೇಘಾಲಯವನ್ನು ಮೂರಕ್ಕೆ ಎರಡರಿಂದ ಸೋಲಿಸಿ, 54 ವರ್ಷಗಳ ನಂತರ ಸಂತೋಷ್ ಟ್ರೋಫಿಯನ್ನು ಮನೆಗೆ ತಂದಿತು. ಅದರ ತರಬೇತುದಾರರು ರವಿಬಾಬು ರಾಜು. ಅವರನ್ನು ಇಟ್ಟುಕೊಳ್ಳಬೇಕೇ ಕಳಿಸಬೇಕೇ ಎಂದು ಗಾಂಧಿ ಬಜಾರಿನಲ್ಲಿ ವಾದಿಸಿದವರನ್ನು ನಾನು ಕಂಡಿಲ್ಲ; ಅವರ ಹೆಸರು ತಿಳಿದವರನ್ನು ಕಂಡದ್ದೂ ಕಡಮೆ. ಕಳಿಸಬೇಕೆಂದು ಕೂಗುವುದಕ್ಕೂ ಒಂದಿಷ್ಟು ಪ್ರೀತಿ ಬೇಕು.

ಮತ್ತೆ ಮೇಜಿಗೆ ಬರೋಣ. ತಾಳ್ಮೆಯ ಪಕ್ಷದ ತರುಣ, ಆ ಪಕ್ಷದವರೆಲ್ಲ ಎಲ್ಲೆಡೆಯೂ ಮಾಡುವಂತೆ, ಅಲೆಕ್ಸ್ ಫರ್ಗುಸನ್ನರ ಹೆಸರೆತ್ತಿದ. 1986ರ ನವೆಂಬರಿನಲ್ಲಿ ಮ್ಯಾಂಚೆಸ್ಟರ್ ಯುನೈಟೆಡ್‌ಗೆ ಬಂದ ಫರ್ಗುಸನ್ ಮೂರು ವರ್ಷ ಏನನ್ನೂ ಗೆಲ್ಲಲಿಲ್ಲ; 1989-90ರಲ್ಲಿ ತಂಡ ಲೀಗಿನ ಹದಿಮೂರನೆಯ ಸ್ಥಾನಕ್ಕೆ ಇಳಿಯಿತು. ಕಳಿಸಲಿಲ್ಲ. 1990ರಲ್ಲಿ ಎಫ್.ಎ. ಕಪ್ ಬಂತು, 2013ರಲ್ಲಿ ಅವರು ತಾವಾಗಿ ಬಿಡುವ ಹೊತ್ತಿಗೆ ಲೀಗಿನ ಕಿರೀಟ ಹದಿಮೂರು ಬಾರಿ ಬಂದಿತ್ತು. ಉದಾಹರಣೆ ಚೆನ್ನಾಗಿದೆ. ಆದರೆ ಅದರಲ್ಲಿ ಒಂದು ಮೋಸವಿದೆ. ಉಳಿಸಿಕೊಂಡು ಉದ್ಧಾರವಾದವರ ಹೆಸರು ಮಾತ್ರ ನಮಗೆ ನೆನಪಿರುತ್ತದೆ. ಉಳಿಸಿಕೊಂಡೂ ಮುಳುಗಿದವರ ಹೆಸರನ್ನು ಯಾರೂ ಬರೆದಿಡುವುದಿಲ್ಲ. ಗ್ರೇಸನ್ನರನ್ನೇ ನೋಡಿ. ಉಳಿಸಿಕೊಂಡದ್ದರ ಫಲವಾಗಿ ಎಂಟು ಗೆಲುವು ಬಂತೆಂದು ಹೇಳುವವನು, ಹಾಗೆ ಉಳಿಸಿಕೊಂಡದ್ದರಿಂದಲೇ ಮರುವರ್ಷದ ಒಂಬತ್ತು ಪಂದ್ಯಗಳಲ್ಲಿ ಒಂದೇ ಗೆಲುವು ಬಂತೆಂದೂ ಒಪ್ಪಬೇಕಾಗುತ್ತದೆ.

ಕಳಿಸುವ ಪಕ್ಷದವರ ತರ್ಕದಲ್ಲಿಯೂ ಅಷ್ಟೇ ದೊಡ್ಡ ತೂತಿದೆ. ಮಳೆ ಬಾರದೆ ಕೆರೆಗಳು ಒಣಗಿ, ಇನ್ನು ಆಗದು ಎನಿಸಿದಾಗ ನಮ್ಮ ಊರುಗಳಲ್ಲಿ ಪರ್ಜನ್ಯ ಜಪ ಮಾಡಿಸುತ್ತಾರೆ. ಬಹಳ ಸಲ ಆಮೇಲೆ ಮಳೆಯೂ ಬರುತ್ತದೆ. ಜಪದ ಮಹಿಮೆಯನ್ನು ನಾನು ಅಲ್ಲಗಳೆಯುವುದಿಲ್ಲ. ಆದರೆ ಜಪ ಮಾಡಿಸುವುದು ಬರ ಮುಗಿಯುವ ಕಾಲ ಹತ್ತಿರವಾದಾಗಲೇ ಎಂಬುದನ್ನೂ ಗಮನಿಸಬೇಕು. ತರಬೇತುದಾರನನ್ನು ಕಳಿಸುವುದೂ ತಂಡ ಪಾತಾಳ ಮುಟ್ಟಿದಾಗಲೇ. ಅಲ್ಲಿಂದ ಯಾರು ಬಂದರೂ, ಬಾರದಿದ್ದರೂ, ಸ್ವಲ್ಪ ಮೇಲೇಳುವುದು ಸಹಜ.

ಇದನ್ನು ನಾನು ಪುಸ್ತಕದಿಂದ ಕಲಿತದ್ದಲ್ಲ. ನಲವತ್ತು ವರ್ಷಗಳ ಹಿಂದೆ ಈ ಬಡಾವಣೆಯ ಹವ್ಯಾಸಿ ನಾಟಕ ತಂಡವೊಂದಕ್ಕೆ ನಾನು ಕಾರ್ಯದರ್ಶಿಯಾಗಿದ್ದೆ. ಸಾಲಾಗಿ ಎರಡು ನಾಟಕಗಳು ಬಿದ್ದುಹೋದವು; ಟಿಕೆಟ್ಟಿನ ಹಣ ದೀಪದವನಿಗೂ ಸಾಲಲಿಲ್ಲ. ನಿರ್ದೇಶಕರನ್ನು ಬಿಡಬೇಕೆಂಬ ಸೂಚನೆಯನ್ನು ಮಂಡಿಸಿದವನು ನಾನೇ. ಕೈಗಳು ಎದ್ದವು. ಅವರು ಕನ್ನಡಕ ಒರೆಸಿಕೊಂಡು, ತಮ್ಮ ನಾಟಕದ ಪ್ರತಿಯನ್ನು ಚೀಲದಲ್ಲಿ ಹಾಕಿಕೊಂಡು ಎದ್ದುಹೋದರು. ಮೂರನೆಯ ನಾಟಕಕ್ಕೆ ಜನ ಕಿಕ್ಕಿರಿದರು. ಸಭೆಯಲ್ಲಿ ನನಗೆ ಶಹಬಾಸ್‌ಗಿರಿ ಸಿಕ್ಕಿತು. ನಮ್ಮ ಮುಖ್ಯ ನಟನಿಗೆ ಎರಡು ವರ್ಷ ಬೇರೆ ಊರಿಗೆ ವರ್ಗವಾಗಿತ್ತೆಂಬುದೂ, ಮೂರನೆಯ ನಾಟಕದ ಹೊತ್ತಿಗೆ ಆತ ಬೆಂಗಳೂರಿಗೆ ಮರಳಿದ್ದನೆಂಬುದೂ ಆಗ ಯಾರಿಗೂ ಹೊಳೆಯಲಿಲ್ಲ. ಆ ನಿರ್ದೇಶಕರು ಬಳಿಕವೂ ಬಹಳ ವರ್ಷ ಗಾಂಧಿ ಬಜಾರಿನಲ್ಲಿಯೇ ತರಕಾರಿ ಕೊಳ್ಳುತ್ತಿದ್ದರು. ನನ್ನನ್ನು ಕಂಡರೆ ರಸ್ತೆಯ ಆಚೆಯ ಬದಿಗೆ ಹೋಗುತ್ತಿದ್ದರು. ನಾನೂ ಕರೆಯಲಿಲ್ಲ.

ಹಾಗಾದರೆ ಸೋಲಿಗೆ ತರಬೇತುದಾರನ ಹೊಣೆಯೇ ಇಲ್ಲವೇ? ಇದೆ. ನಾಲ್ಕು ಗೋಲು ಬಿದ್ದ ಸಂಜೆ ಬೆಂಗಳೂರಿನ ಆಟಗಾರರು ಒಬ್ಬರಿಗೊಬ್ಬರು ಅಪರಿಚಿತರಂತೆ ಓಡಾಡುತ್ತಿದ್ದರೆಂದು ಮೊಮ್ಮಗ ಹೇಳಿದ. ಅವರನ್ನು ಪರಿಚಿತರನ್ನಾಗಿ ಮಾಡುವುದು ಯಾರ ಕೆಲಸ? ಆದರೆ ಆ ಬೇಸಿಗೆಯಲ್ಲಿ ರಾಯ್ ಕೃಷ್ಣ ಒಡಿಶಾಕ್ಕೆ ಹೋಗಿದ್ದರು. ಸಂದೇಶ್ ಝಿಂಗನ್, ಉದಾಂತ ಸಿಂಗ್ ಗೋವೆಗೆ ಹೋಗಿದ್ದರು. ಎಂಟು ಗೆಲುವಿನ ತಂಡ ಗ್ರೇಸನ್ನರ ಕೈಯಲ್ಲಿ ಉಳಿದಿರಲಿಲ್ಲ. ಋತುವಿನ ನಡುವೆ ಹೊಸಬರನ್ನು ಕೊಳ್ಳುವುದಕ್ಕೆ ಕಾಲದ ಕಟ್ಟುಪಾಡುಂಟು. ಆಟಗಾರರಿಗೆ ಕರಾರುಗಳುಂಟು. ಒಡೆಯರು ತಮ್ಮನ್ನು ತಾವು ಕಳಿಸಿಕೊಳ್ಳುವುದಿಲ್ಲ. ಅಭಿಮಾನಿಗಳನ್ನು ಕಳಿಸುವುದು ಸಾಧ್ಯವಿಲ್ಲ. ಇಷ್ಟೆಲ್ಲ ಕದಲದ ವಸ್ತುಗಳ ನಡುವೆ ಕದಲಿಸಬಹುದಾದದ್ದು ಒಂದೇ ಒಂದು ಕುರ್ಚಿ. ಅದರಲ್ಲಿ ಕುಳಿತವನು ಹೋಗುವುದು ಅವನ ತಪ್ಪಿನ ಅಳತೆಗೆ ತಕ್ಕಂತಲ್ಲ, ಅವನನ್ನು ಕದಲಿಸುವುದು ಸುಲಭ ಎಂಬುದಕ್ಕಾಗಿ. ಕಾರ್ಖಾನೆಯ ಕಾಲಕ್ಕೂ ಈ ಕಾಲಕ್ಕೂ ಇರುವ ವ್ಯತ್ಯಾಸ ನನಗೆ ಕಂಡಂತೆ ಇಷ್ಟು: ಅಂದು ಕುರ್ಚಿ ಮಿಕ್ಕ ಸಾಮಾನಿನ ಜೊತೆಗೆ ನೆಲಕ್ಕೆ ಬಿಗಿದಿತ್ತು. ತಂಡ ಮುಳುಗಿದರೆ ಎಲ್ಲರೂ ಒಟ್ಟಿಗೆ ಮುಳುಗುತ್ತಿದ್ದರು, ಯಾರಿಗೂ ಹೆಚ್ಚು ನೋವಾಗದಂತೆ. ಈಗ ಕುರ್ಚಿಗೆ ಗಾಲಿಗಳಿವೆ.

ಇದನ್ನು ಆ ತರುಣರಿಗೆ ಹೇಳಹೊರಟೆ. ಅಷ್ಟರಲ್ಲಿ ಬಾಗಿಲ ಬಳಿ ಕಾಯುತ್ತಿದ್ದವರ ನೋಟ ನಮ್ಮ ಖಾಲಿ ಲೋಟಗಳ ಮೇಲೆ ಬಿದ್ದಿತ್ತು, ಏಳಬೇಕಾಯಿತು. ಬೀದಿಯಲ್ಲಿ ಮೊದಲನೆಯ ತರುಣ, ಒರಟು ಮಾತಿನವನು, ನನ್ನ ಗೆಳೆಯರ ತೋಳು ಹಿಡಿದು ಅಗೆದ ಹಳ್ಳವನ್ನು ದಾಟಿಸಿದ. "ಬೇಜಾರು ಮಾಡ್ಕೋಬೇಡಿ ಅಂಕಲ್. ನಿನ್ನೆ ರಾತ್ರಿ ನಿದ್ದೇನೇ ಬರ್ಲಿಲ್ಲ" ಎಂದ. ಗೆಳೆಯರು ಕಡಲೆಕಾಯಿಯ ರಾಶಿಯೊಂದರ ಮುಂದೆ ನಿಂತು ಒಂದು ಸೇರು ಅಳೆಸಿ ಅವನ ಕೈಗೆ ಕೊಟ್ಟರು.

ಗ್ರೇಸನ್ನರನ್ನು ಬಿಡಲಾಗಿದೆ ಎಂಬ ಸುದ್ದಿ ಅಂದೇ ಬಂತು. ಸ್ಪೇನಿನ ಜೆರಾರ್ಡ್ ಜರಗೋಜ ಆ ಜಾಗಕ್ಕೆ ಬಂದರು. ತಂಡ ಆ ಋತುವನ್ನು ಹನ್ನೆರಡರಲ್ಲಿ ಹತ್ತನೆಯದಾಗಿ ಮುಗಿಸಿತು. ಅದೇ ಜರಗೋಜ ಮರುವರ್ಷ, 2025ರ ಏಪ್ರಿಲಿನಲ್ಲಿ, ತಂಡವನ್ನು ಲೀಗಿನ ಅಂತಿಮ ಪಂದ್ಯದವರೆಗೆ ಒಯ್ದರು. ಎರಡು ಪಕ್ಷದವರೂ ಇದರಿಂದ ತಮಗೆ ಬೇಕಾದ ಪಾಠವನ್ನು ಆರಿಸಿಕೊಳ್ಳಬಹುದು.

ಕ್ವಾದ್ರಾತ್ ಅವರ ಕಥೆ ಅಲ್ಲಿಗೇ ಮುಗಿಯಲಿಲ್ಲ. 2023ರಲ್ಲಿ ಅವರು ಅಹಮದ್ ಖಾನರ ಹಳೆಯ ಕ್ಲಬ್ಬಾದ ಈಸ್ಟ್ ಬೆಂಗಾಲಿಗೆ ಬಂದರು. 2024ರ ಜನವರಿಯಲ್ಲಿ ಸೂಪರ್ ಕಪ್ ಗೆದ್ದು, ಹನ್ನೆರಡು ವರ್ಷ ರಾಷ್ಟ್ರೀಯ ಪ್ರಶಸ್ತಿಯೊಂದನ್ನೂ ಕಾಣದಿದ್ದ ಆ ಜನರನ್ನು ಕುಣಿಸಿದರು. ಅದೇ ವರ್ಷ ಸೆಪ್ಟೆಂಬರ್ 14ರಂದು ಈಸ್ಟ್ ಬೆಂಗಾಲ್ ಕಂಠೀರವಕ್ಕೆ ಬಂದಾಗ ನಾನೂ ಮೊಮ್ಮಗನೂ ಹೋಗಿದ್ದೆವು. ವಿನೀತ್ ವೆಂಕಟೇಶ್ ಎಂಬ ಹತ್ತೊಂಬತ್ತರ ನಮ್ಮೂರ ಹುಡುಗ ಗೋಲು ಹೊಡೆದ. ನಾವು ಒಂದು ಸೊನ್ನೆಯಿಂದ ಗೆದ್ದೆವು. ಕ್ವಾದ್ರಾತ್ ಎದುರು ಪಾಳೆಯದ ಗೆರೆಯ ಅಂಚಿನಲ್ಲಿ ನಿಂತಿದ್ದರು. ದೂರದಿಂದ ಮುಖ ಕಾಣಲಿಲ್ಲ. 2021ರ ಜನವರಿಯಲ್ಲಿ ಫೋನಿನಲ್ಲಿ ನಾನಾಡಿದ ಮಾತು ಮೊಮ್ಮಗನಿಗೆ ನೆನಪಿತ್ತೋ ಇಲ್ಲವೋ, ಅವನು ಎತ್ತಲಿಲ್ಲ.

ಆಮೇಲೆ ಅವರ ತಂಡ ಇನ್ನೂ ಎರಡು ಪಂದ್ಯಗಳನ್ನು ಸೋತಿತು. ಸೆಪ್ಟೆಂಬರ್ 30ರಂದು ಅವರು ರಾಜೀನಾಮೆ ಕೊಟ್ಟರೆಂಬ ಸುದ್ದಿಯನ್ನು ಮೊಮ್ಮಗನೇ ಓದಿ ಹೇಳಿದ. ಎಷ್ಟು ಪಂದ್ಯವಾಗಿತ್ತೆಂದು ಕೇಳಿದೆ. "ಮೂರೇ ತಾತ, ಆವಾಗಲೂ ಮೂರೇ ಅಲ್ವಾ?" ಎಂದ.